ಕಹಿ ಜೇನಿನ ಚೀಟಿ

ನನ್ನ ಜಾಗಕ್ಕೆ ಬಂದಿರುವ ರಶ್ಮಿ ಹೋದ ವಾರ ಫೋನ್ ಮಾಡಿದ್ದಳು. “ಮೇಡಂ, ಪರೀಕ್ಷೆ ಮಾಡೋ ವಿಧಾನ ಎಲ್ಲಾ ಫೈಲಲ್ಲಿದೆ. ಆದ್ರೆ ಕೆಲಸ ಮಾಡೋದು ಹೇಗೆ ಅಂತ ಎಲ್ಲೂ ಬರೆದಿಲ್ಲ. ನೀವು ಸ್ವಲ್ಪ ಬರ್ಕೊಡಿ” ಅಂದಳು. ಎಷ್ಟು ಪುಟ ಎಂದು ಕೇಳಿದೆ. “ಎಷ್ಟಾದ್ರೂ ಪರವಾಗಿಲ್ಲ, ನೀವು ಮಾತಾಡೋ ಹಾಗೇ ಬರೀರಿ” ಅಂದಳು. ಪಾಪ, ನಾನು ಎಷ್ಟು ಮಾತಾಡುತ್ತೇನೆ ಎಂಬುದು ಅವಳಿಗೆ ಇನ್ನೂ ಗೊತ್ತಿಲ್ಲ.

ನಾನು ಶಿವಲೀಲಾ. ಕಾಡಂಚಿನ ಹಾಡಿಗಳ ಜನ ಆರಿಸಿ ತಂದ ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಅಳಲೆಕಾಯಿ, ಜೇನುಮೇಣ, ಪೊರಕೆಹುಲ್ಲು ಇವನ್ನೆಲ್ಲ ಕೊಂಡು ಮಾರುವ ಸಹಕಾರ ಸಂಘವೊಂದರ ಕೆಸರೆ ಗೋದಾಮಿನಲ್ಲಿ ಮೂವತ್ತಮೂರು ವರ್ಷ ಪರೀಕ್ಷಕಿಯಾಗಿದ್ದೆ. ಮರದ ದಿಮ್ಮಿಯೊಂದನ್ನು ಬಿಟ್ಟು ಕಾಡು ಕೊಡುವ ಮಿಕ್ಕೆಲ್ಲವೂ ನಮ್ಮಲ್ಲಿಗೆ ಬರುತ್ತಿತ್ತು. ಕಾಗದಪತ್ರದಲ್ಲಿ ಇದಕ್ಕೆ ‘ಕಿರು ಅರಣ್ಯ ಉತ್ಪನ್ನ’ ಎಂದು ಹೆಸರು. ಇದನ್ನು ಕಿರು ಎಂದು ಕರೆದ ಪುಣ್ಯಾತ್ಮರು ಒಂದು ದಿನವೂ ಸೀಗೆಕಾಯಿ ಮೂಟೆ ಹೊತ್ತವರಲ್ಲ. ಬಡ್ತಿ, ಇನ್‌ಕ್ರಿಮೆಂಟು, ಬೀಳ್ಕೊಡುಗೆಯ ಶಾಲು ಇವೆಲ್ಲ ಎಲ್ಲರಿಗೂ ಸಿಗುವಂಥವು. ಅವನ್ನು ಬಿಟ್ಟು ಮಿಕ್ಕದ್ದನ್ನು ಬರೆಯುತ್ತೇನೆ.

ನಮ್ಮದು ಗ್ರಂಥಿಗೆ ಅಂಗಡಿಯ ಮನೆ. ನಜರ್‌ಬಾದಿನಲ್ಲಿ ತಾತ ಶುರು ಮಾಡಿದ ಅಂಗಡಿ. ಮಠಕ್ಕೆ ವಿಭೂತಿ, ಧೂಪ, ಬಾಣಂತಿಯರಿಗೆ ಬೇರು ನಾರು, ಎಲ್ಲ ಅಲ್ಲಿಂದಲೇ ಹೋಗುತ್ತಿತ್ತು. ನಾವು ಮಕ್ಕಳು ಆ ಡಬ್ಬಗಳ ನಡುವೆಯೇ ಬೆಳೆದವರು. ಕಣ್ಣು ಮುಚ್ಚಿ ಮೂಸಿದರೆ ಬಜೆ ಯಾವುದು, ಹಿಪ್ಪಲಿ ಯಾವುದು ಎಂದು ಹೇಳುತ್ತಿದ್ದೆ. ಮೇಲೆ ರಸಾಯನಶಾಸ್ತ್ರದ ಡಿಗ್ರಿ ಬೇರೆ. ಹಾಗಾಗಿ ಕೆಲಸಕ್ಕೆ ಸೇರುವಾಗ ನನಗೆ ನನ್ನ ಮೂಗಿನ ಬಗ್ಗೆ, ನಾಲಿಗೆಯ ಬಗ್ಗೆ ಭಾರೀ ಜಂಬ ಇತ್ತು. ಈ ಜಂಬದ ವಿಷಯ ನೆನಪಿಡು ರಶ್ಮಿ, ಮುಂದೆ ನನ್ನನ್ನು ಹಳ್ಳಕ್ಕೆ ಬೀಳಿಸಿದ್ದು ಅದೇ.

ಆಗ ಮ್ಯಾನೇಜರು ರಂಗಸ್ವಾಮಿಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಒಂದು ನಶ್ಯದ ಡಬ್ಬಿ. ಮೊದಲ ದಿನ ನಾನು ಪರೀಕ್ಷಾ ಕೊಠಡಿಯ ಬೀಗದ ಕೈ ಕೇಳಿದರೆ, “ಒಂದು ತಿಂಗಳು ಬೇಡ ಕಣಮ್ಮ. ಗೋದಾಮಲ್ಲಿ ಓಡಾಡ್ಕೊಂಡಿರು” ಅಂದರು. ಓಡಾಡಿಕೊಂಡಿರುವುದು ಎಂದರೆ ಏನು? ಮೂಟೆ ಬಿಚ್ಚುವಾಗ ನಿಲ್ಲಬೇಕು, ಕೈ ಹಾಕಿ ನೋಡಬೇಕು, ಹಮಾಲರ ಜೊತೆ ಕಾಫಿ ಕುಡಿಯಬೇಕು. ಅಂಟುವಾಳದ ಮೂಟೆ ಅಲ್ಲಾಡಿಸಿದಾಗ ಒಳಗೆ ಬೀಜ ಗಲಗಲ ಎಂದರೆ ಒಣಗಿದೆ, ಗುಬ್ಬ್ ಎಂದರೆ ಹಸಿ. ಅಳಲೆಕಾಯಿಯನ್ನು ಕಲ್ಲಿನ ಮೇಲೆ ಎಸೆದರೆ ಪುಟಿಯಬೇಕು. ಒಣಗಿಸಿದ ನೆಲ್ಲಿಕಾಯಿ, ಅಂದರೆ ನೆಲ್ಲಿಚೆಟ್ಟು, ಮುರಿದರೆ ಟಕ್ಕೆಂದು ಮುರಿಯಬೇಕು, ಬಾಗಬಾರದು. ಇಷ್ಟನ್ನೂ ನನಗೆ ಕಲಿಸಿದ್ದು ಹಮಾಲರು. ತಿಂಗಳು ಕಳೆದ ಮೇಲೆ ರಂಗಸ್ವಾಮಿಯವರು ಬೀಗದ ಕೈ ಕೊಟ್ಟು, “ಈಗ ನಿನ್ನ ಉಪಕರಣ ತಪ್ಪು ಹೇಳಿದ್ರೂ ನಿನಗೆ ಗೊತ್ತಾಗುತ್ತೆ” ಅಂದರು.

ಅವರಿಗೆ ನಾನು ಕೊಟ್ಟ ಮೊದಲ ಕಾಣಿಕೆ ಒಂದು ಅನಾಹುತ. ಬೇಸಿಗೆಯಲ್ಲಿ ಮೇಲಿನ ಕಚೇರಿಯಿಂದ ತಪಾಸಣೆಗೆ ನಾಲ್ಕು ಜನ ಬಂದಿದ್ದರು. ಗೋದಾಮು ಒಲೆಯ ಹಾಗೆ ಕಾದಿತ್ತು. ಬಂದವರಿಗೆ ಸೆಖೆಯಾಗಬಾರದು ಎಂದು ನಾನು ಓಡಿ ಹೋಗಿ ದೊಡ್ಡ ಫ್ಯಾನ್ ಹಾಕಿದೆ. ಅದರ ಮುಂದೆಯೇ ಅವತ್ತು ಬೆಳಗ್ಗೆ ಬಾಯಿ ಬಿಚ್ಚಿದ ಒಂಬತ್ತು ಮೂಟೆ ಸೀಗೆಕಾಯಿ ಇತ್ತು. ಸೀಗೆಯ ಧೂಳು ಹೋದ ಮೂಗಿನ ಗತಿ ನಿನಗೇ ಗೊತ್ತು. ದೊಡ್ಡ ಸಾಹೇಬರು ಮೊದಲು ಸೀನಿದರು. ಆಮೇಲೆ ನಾಲ್ವರೂ ಸರದಿಯ ಮೇಲೆ, ಆಮೇಲೆ ಸರದಿ ತಪ್ಪಿಸಿ. ಒಬ್ಬರ ಕನ್ನಡಕ ಹಾರಿ ನೆಲ್ಲಿಚೆಟ್ಟಿನ ರಾಶಿಯೊಳಗೆ ಹೋಯಿತು. ತಪಾಸಣೆ ಹತ್ತು ನಿಮಿಷಕ್ಕೆ ಮುಗಿಯಿತು. ಅವರ ಕಾರು ಗೇಟು ದಾಟುವವರೆಗೂ ಗಂಭೀರವಾಗಿದ್ದ ರಂಗಸ್ವಾಮಿಯವರು ಕುರ್ಚಿಗೆ ಕುಸಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಮುಂದಿನ ಸಲಾನೂ ಸೀಗೆ ಬಂದಿರೋ ದಿನವೇ ಕರೆಸೋಣ ಕಣಮ್ಮ” ಅಂದರು.

ಕೆಲಸದ ರೀತಿ ಎಷ್ಟು ಬದಲಾಗಿದೆ ಎಂದು ನೆನೆದರೆ ಆಶ್ಚರ್ಯವಾಗುತ್ತದೆ. ಮೊದಲೆಲ್ಲ ಜೇನು ಬರುತ್ತಿದ್ದದ್ದು ಹಳೆಯ ಸೀಮೆಎಣ್ಣೆ ಡಬ್ಬದಲ್ಲಿ. ಎಷ್ಟು ತೊಳೆದರೂ ಆ ವಾಸನೆ ಹೋಗುವುದೇ? ಜೇನುಹುಟ್ಟನ್ನು ಮರಿಹುಳಗಳ ಸಮೇತ ಕೈಯಲ್ಲಿ ಹಿಂಡಿ ಬಟ್ಟೆಯಲ್ಲಿ ಸೋಸುತ್ತಿದ್ದರು. ನಂತರ ಸ್ಟೀಲ್ ಡಬ್ಬ ಬಂತು. ಹುಟ್ಟಿನ ಜೇನಿರುವ ಭಾಗವನ್ನು ಮಾತ್ರ ಕೊಯ್ದು, ಮರಿ ಇರುವ ಭಾಗ ಬಿಟ್ಟು, ಹಿಂಡದೆ ತೊಟ್ಟಿಕ್ಕಿಸುವ ಪದ್ಧತಿ ಬಂತು. ಇದನ್ನು ನಾವು ಹಾಡಿಯವರಿಗೆ ಕಲಿಸಿದೆವು ಎಂದು ವರದಿಯಲ್ಲಿ ಬರೆದುಕೊಂಡೆವು. ಆಮೇಲೆ ಒಬ್ಬ ಮುದುಕರು ಹೇಳಿದರು, ಅವರ ತಾತನ ಕಾಲದಲ್ಲಿ ಹೀಗೇ ಮಾಡುತ್ತಿದ್ದರಂತೆ, ವ್ಯಾಪಾರಿಗಳು ಅವಸರ ಮಾಡಲು ಶುರು ಮಾಡಿದ ಮೇಲೆ ಹಿಂಡುವುದು ಬಂತಂತೆ. ವರದಿ ಮಾತ್ರ ಹಾಗೇ ಇದೆ.

ರಂಗಸ್ವಾಮಿಯವರ ನಂತರ ಬಂದ ಮ್ಯಾನೇಜರಿಗೆ ಲೇಬಲ್ಲಿನ ಹುಚ್ಚು. ಬಾಟಲಿಗೆ ಹೊಸ ಬಣ್ಣದ ಲೇಬಲ್ ಮಾಡಿಸಿದರು. ಬಂಗಾರದ ಅಂಚು, ಹಸಿರು ಎಲೆ, ನಡುವೆ ಜೇನುಹುಳದ ದೊಡ್ಡ ಚಿತ್ರ. ಇಡೀ ಗೋದಾಮು ಎರಡು ದಿನ ಕೂತು ಅಂಟಿಸಿತು. ಮೂರನೇ ದಿನ ಅಂಟುವಾಳ ತಂದಿದ್ದ ಒಬ್ಬ ಅಜ್ಜಿ ಬಾಟಲಿ ಕೈಗೆತ್ತಿಕೊಂಡು ಹತ್ತಿರ ಹಿಡಿದು ನೋಡಿ, “ಕಣಜದ ಚಿತ್ರ ಯಾಕವ್ವ ಆಕಿದ್ದೀರಿ? ಅದು ಜೇನ್ ಕೊಡಾಕಿಲ್ಲ. ಬರೀ ಕಚ್ತದೆ” ಅಂದಿತು. ನೋಡಿದರೆ ನಿಜ! ಹಳದಿ ಪಟ್ಟೆ, ಸಣ್ಣ ಸೊಂಟ, ಸಾಕ್ಷಾತ್ ಕಣಜ. ಹುಳಗಳ ನಡುವೆಯೇ ಜೀವನ ಸವೆಸಿದ ನಾವು ಹದಿನೈದು ಜನ ಅದನ್ನು ಎರಡು ದಿನ ಅಂಟಿಸಿದ್ದೆವು, ಒಬ್ಬರಿಗೂ ಕಂಡಿರಲಿಲ್ಲ. ಬಾಟಲಿಗಳನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ ಕೆರೆದು ತೆಗೆಯಲು ಇನ್ನೂ ಮೂರು ದಿನ ಹಿಡಿಯಿತು. ಅಜ್ಜಿಗೆ ಮ್ಯಾನೇಜರೇ ಖುದ್ದಾಗಿ ಕಾಫಿ ತಂದುಕೊಟ್ಟರು.

ಈಗ ನಜರ್‌ಬಾದಿನ ನಮ್ಮ ಸಂಘದ ಮಳಿಗೆಯಲ್ಲಿ ಅತಿ ಬೇಗ ಖಾಲಿಯಾಗುವ ಬಾಟಲಿ ಯಾವುದು ಗೊತ್ತೇ? ಕಹಿ ಜೇನು. ನೇರಳೆ ಹೂವಿನ ಜೇನು. ಬೇಸಿಗೆಯ ಕೊನೆಗೆ ಬರುತ್ತದೆ, ಕಪ್ಪಗಿರುತ್ತದೆ, ಸಿಹಿಯ ಹಿಂದೆ ನಾಲಿಗೆಯ ತುದಿಯಲ್ಲಿ ಕಹಿಯೊಂದು ನಿಲ್ಲುತ್ತದೆ. ಕಹಿ ಇರುವುದರಿಂದ ಶುಗರ್‌ಗೆ ಒಳ್ಳೆಯದು ಎಂಬುದು ಗಿರಾಕಿಗಳೇ ಮಾಡಿಕೊಂಡ ಸಂಶೋಧನೆ. ಜೇನು ಜೇನೇ ಕಣ್ರೀ, ಡಾಕ್ಟರನ್ನು ಕೇಳಿ ಎಂದು ಎಷ್ಟು ಬಡಿದುಕೊಂಡರೂ ಕೇಳುವುದಿಲ್ಲ. ನಾನು ನಿವೃತ್ತಳಾಗುವ ವರ್ಷ ಕುವೆಂಪುನಗರದ ಯಜಮಾನರೊಬ್ಬರು ಸ್ಕೂಟರಿನಲ್ಲಿ ಗೋದಾಮಿಗೇ ಬಂದು ಬಾಟಲಿಯನ್ನು ಮೇಜಿನ ಮೇಲೆ ಕುಟ್ಟಿ, “ಏನ್ರೀ ಇದು, ಬರೀ ಸಿಹಿ! ಏನೋ ಬೆರೆಸಿದ್ದೀರಿ” ಎಂದು ಜಗಳಕ್ಕೆ ನಿಂತರು. ಅವರು ಕೊಂಡಿದ್ದದ್ದು ಮಾಮೂಲಿ ಜೇನು. ಬಾಟಲಿ ಬದಲಾಯಿಸಿ ಕಳಿಸಿ, ನಾನು ಒಳಗೆ ಹೋಗಿ ಒಬ್ಬಳೇ ನಕ್ಕೆ. ಯಾಕೆಂದರೆ ಅದೇ ಕಹಿ ಜೇನನ್ನು ಒಂದು ಕಾಲದಲ್ಲಿ ‘ಕಲಬೆರಕೆ’ ಎಂದು ಬರೆದು ವಾಪಸು ಕಳಿಸಿದವಳು ಬೇರೆ ಯಾರೂ ಅಲ್ಲ, ಈ ಶಿವಲೀಲಾ.

ಅದನ್ನು ಹೇಳಲೆಂದೇ ಇಷ್ಟು ಪುಟ ಬರೆದಿದ್ದೇನೆ ರಶ್ಮಿ. ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಆಗಿನ್ನೂ ರಂಗಸ್ವಾಮಿಯವರೇ ಮ್ಯಾನೇಜರು. ಎಚ್.ಡಿ. ಕೋಟೆ ಕಡೆಯ ಒಂದು ಹಾಡಿಯಿಂದ ಬೊಮ್ಮಣ್ಣ ಎಂಬವರ ಡಬ್ಬ ಬಂದಿತ್ತು. ಆ ಭಾಗದಲ್ಲಿ ಹೆಜ್ಜೇನು ಕೀಳುವುದರಲ್ಲಿ ಅವರ ಹೆಸರೇ ಮೊದಲು. ಅವತ್ತು ಶನಿವಾರ, ಕುವೆಂಪುನಗರದಲ್ಲಿ ನಮ್ಮ ನಾದಿನಿಯ ಸೀಮಂತ. ಮಧ್ಯಾಹ್ನ ಹೊರಡಬೇಕು, ಸೀರೆ ಉಟ್ಟುಕೊಂಡೇ ಗೋದಾಮಿಗೆ ಬಂದಿದ್ದೆ. ರೇಷ್ಮೆ ಸೀರೆಯ ಮೇಲೆ ಏಪ್ರನ್ ಕಟ್ಟಿಕೊಂಡು ಡಬ್ಬ ತೆಗೆದೆ. ಜೇನು ಕಪ್ಪಗಿತ್ತು. ನಾಲಿಗೆಗೆ ಇಟ್ಟರೆ ಕಹಿ. ನನ್ನ ಜಂಬದ ನಾಲಿಗೆ ತಕ್ಷಣ ತೀರ್ಪು ಕೊಟ್ಟಿತು: ಸೀದ ಬೆಲ್ಲದ ಪಾಕ.

ಆದರೂ ಬಣ್ಣದ ಪರೀಕ್ಷೆ ಮಾಡಿದೆ. ಜೇನಿನ ಸಾರ ತೆಗೆದು ಪಿಂಗಾಣಿ ಬಟ್ಟಲಿಗೆ ಹಾಕಿ ಎರಡು ಹನಿ ದ್ರಾವಣ ಬಿಡುವುದು. ಪಾಕ ಬೆರೆತಿದ್ದರೆ ಗಾಢ ಕೆಂಪು ಬಂದು ನಿಲ್ಲುತ್ತದೆ. ಬರೀ ಬಿಸಿಲಿಗೆ ಕಾದ ಜೇನಾದರೆ ತಿಳಿಗುಲಾಬಿ ಬಂದು, ಸ್ವಲ್ಪ ಹೊತ್ತಿಗೆ ಹೋಗಿಬಿಡುತ್ತದೆ. ಗುಲಾಬಿ ಬಂತು. ಅದು ಕೆಂಪಾಗುತ್ತದೋ, ಹೋಗುತ್ತದೋ ಎಂದು ಕಾಯಬೇಕಿತ್ತು. ನಾನು ಕಾಯಲಿಲ್ಲ. ಗಡಿಯಾರ ನೋಡಿದೆ, ಚೀಟಿಯ ಮೇಲೆ ‘ಕಲಬೆರಕೆ’ ಎಂದು ಬರೆದೆ, ಡಬ್ಬ ವಾಪಸು ಹೋಗುವ ಗಾಡಿಗೆ ಹಾಕಿಸಿದೆ, ಸೀಮಂತಕ್ಕೆ ಹೋಗಿ ಎರಡು ಒಬ್ಬಟ್ಟು ಜಾಸ್ತಿಯೇ ತಿಂದೆ.

ಬುಧವಾರ ಬೆಳಗ್ಗೆ ಗೋದಾಮಿನ ಬಾಗಿಲು ತೆಗೆಯುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ನಡುವೆ ಅದೇ ಡಬ್ಬ. ಗಂಡ ತೆಳ್ಳಗೆ, ಕಡ್ಡಿಯಂತೆ ಗಟ್ಟಿ. ನಾನೇ ಪರೀಕ್ಷೆ ಮಾಡಿದವಳು ಎಂದ ತಕ್ಷಣ ಎದ್ದು ನಿಂತು ಕೈ ಮುಗಿದರು. ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಾನು ಬೊಮ್ಮ, ಅಮ್ಮಾವ್ರೆ. ಕಲ್ಬೆರ್ಕೆ ಅಂತ ಬರ್ದಿದ್ದೀರಂತೆ. ಏನ್ ಬೆರ್ಸಿದ್ದೀನಿ ಅಂತ ಯೋಳಿ, ನಂಗೂ ಗೊತ್ತಾಗ್ಲಿ.”

“ಬೆಲ್ಲದ ಪಾಕ ಇರಬಹುದು” ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವರ ಹೆಂಡತಿ ಕೆಂಪಮ್ಮ ಫಕ್ಕನೆ ನಕ್ಕುಬಿಟ್ಟರು. “ಟೀಗೆ ಆಕಾಕೆ ಬೆಲ್ಲ ಇಲ್ಲ ನಮ್ಮನೇಲಿ! ಜೇನೇ ಆಕ್ಕೊಂಡು ಕುಡೀತೀವಿ. ಬೆಲ್ಲ ಎಲ್ಲಿಂದ ತರಾನ?”

ಬೊಮ್ಮಣ್ಣ ನಗಲಿಲ್ಲ. “ಡಬ್ಬ ಓದ್ರೆ ಓಗ್ಲಿ. ನನ್ ಬಾಮೈದ ಹಗ್ಗ ಹಿಡಿಯಾಕಿಲ್ಲ ಅಂದ್ಬುಟ್ಟ” ಅಂದರು.

ನನಗೆ ಅರ್ಥವಾಗಲಿಲ್ಲ. ಕೆಂಪಮ್ಮನೇ ಬಿಡಿಸಿ ಹೇಳಿದರು. ಅವರ ಹಾಡಿಯಲ್ಲಿ ಜೇನಿಗೆ ಮರ ಹತ್ತುವವನ ಹಗ್ಗವನ್ನು ಕೆಳಗೆ ನಿಂತು ಹಿಡಿಯುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವಳ ತಾಳಿ ತನ್ನ ಕೈಯಲ್ಲಿದೆ ಎಂದು ಗೊತ್ತಿರುವವನು ಹಗ್ಗ ಬಿಡುವುದಿಲ್ಲ, ಅದಕ್ಕೆ. ಬೊಮ್ಮಣ್ಣನ ಹಗ್ಗ ಹಿಡಿಯುತ್ತಿದ್ದದ್ದು ಕೆಂಪಮ್ಮನ ತಮ್ಮ ಮಾದಣ್ಣ. ಆದರೆ ಜೇನಿಗೆ ಮೋಸ ಬೆರೆಸಿದವನ ಹಗ್ಗ ಮುಟ್ಟಬಾರದು ಎಂಬುದೂ ಅವರ ಹಿರೀಕರ ಕಟ್ಟು. ಚೀಟಿ ಬಂದ ದಿನವೇ ಮಾದಣ್ಣ ಹಗ್ಗ ಕೆಳಗಿಟ್ಟಿದ್ದರು.

ಬೊಮ್ಮಣ್ಣ ನೀರು ಕುಡಿಯಲು ನಲ್ಲಿಯ ಕಡೆ ಹೋದಾಗ ಕೆಂಪಮ್ಮ ನನ್ನ ಕೈ ಹಿಡಿದುಕೊಂಡರು. ನಗು ಎಲ್ಲೋ ಹೋಗಿತ್ತು. “ಮಳೆ ಬರೋದ್ರೊಳಗೆ ಇನ್ನೊಂದು ಮರ ಕೀಳ್ಬೇಕು ಕಣವ್ವ. ಹಗ್ಗ ಇಲ್ದೇನೇ ಹತ್ತೀನಿ ಅಂತ ಕುಂತವ್ರೆ. ಹತ್ತೇ ಹತ್ತುತಾರೆ, ನಂಗೊತ್ತು. ಹಟಮಾರಿ. ನೀವೇ ಏನಾದ್ರೂ ಮಾಡಿ” ಅಂದರು.

ಹತ್ತು ವರ್ಷದಿಂದ ಚೀಟಿ ಬರೆಯುತ್ತಿದ್ದೆ, ಆ ಚೀಟಿ ಎಲ್ಲಿಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅದೇ ಡಬ್ಬದಿಂದ ಮತ್ತೆ ಜೇನು ತೆಗೆದು ಪರೀಕ್ಷೆಗೆ ಇಟ್ಟೆ. ರಂಗಸ್ವಾಮಿಯವರು ಬಂದು ಪಕ್ಕದಲ್ಲಿ ನಿಂತರು. ಗುಲಾಬಿ ಬಂತು. ನಾವು ನಾಲ್ಕು ಜನ ಆ ಪುಟ್ಟ ಬಟ್ಟಲಿನ ಸುತ್ತ ತಲೆ ಬಗ್ಗಿಸಿ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಗುಲಾಬಿ ತೆಳುವಾಯಿತು, ಮಾಸಿತು, ಹೋಯಿತು. ಗಾಡಿಯ ಮೇಲೆ ಬಿಸಿಲಲ್ಲಿ ಕಾದ ಡಬ್ಬ, ಅಷ್ಟೇ.

“ಹಾಗಾದ್ರೆ ಕಹಿ ಯಾಕೆ ಸರ್?” ಅಂದೆ. ತಪ್ಪು ಒಪ್ಪಿಕೊಳ್ಳಲು ನಾಲಿಗೆಗೆ ಇನ್ನೂ ಮನಸ್ಸಿರಲಿಲ್ಲ.

“ನೇರಳೆ ಹೂವು ಅಮ್ಮಾವ್ರೆ” ಅಂದರು ಬೊಮ್ಮಣ್ಣ. “ಈ ಸಲ ಬೇರೆ ಹೂವು ಕಮ್ಮಿ, ಹುಳ ಎಲ್ಲಾ ಅದಕ್ಕೇ ಬಿದ್ಬುಟ್ಟವೆ.”

ರಂಗಸ್ವಾಮಿಯವರು ನನ್ನ ಕಡೆ ತಿರುಗಿದರು. “ನೇರಳೆ ಜೇನು ಯಾವಾಗಾದ್ರೂ ತಿಂದಿದ್ದೀಯೇನಮ್ಮ?” “ಇಲ್ಲ ಸರ್.” “ತಿನ್ನದೇ ಇರೋದನ್ನ ಹೇಗೆ ಗುರುತು ಹಿಡಿದೆ?” ಅವರು ಬೈಯಲಿಲ್ಲ. ನಶ್ಯ ಏರಿಸಿಕೊಂಡು, “ಹೊಸ ಚೀಟಿ ಬರಿ. ಆದ್ರೆ ಗಾಡೀಲಿ ಕಳಿಸಬೇಡ. ನೀನೇ ತಗೊಂಡು ಹೋಗು” ಅಂದರು.

ಅವತ್ತೇ ಹೊರಟೆವು. ಕೋಟೆಯ ಬಸ್ಸಿನಲ್ಲಿ ಕೆಂಪಮ್ಮ ಕಿಟಕಿ ಪಕ್ಕ, ನಾನು ನಡುವೆ. ದಾರಿಯುದ್ದಕ್ಕೂ ಕೆಂಪಮ್ಮ ಮಾತಾಡಿದರು. ಅವರಿಗೂ ನನಗೂ ಆ ವಿಷಯದಲ್ಲಿ ಬಹಳ ಹೊಂದಾಣಿಕೆ. ಸೀಗೆಕಾಯಿ ಕಾಲ ಬಂದರೆ ಹೆಂಗಸರೆಲ್ಲ ಒಟ್ಟಿಗೆ ಹೋಗುವುದು, ಮುಳ್ಳು ಚುಚ್ಚಿಸಿಕೊಂಡು ಬೈಯುತ್ತ, ಹಾಡುತ್ತ ಕೀಳುವುದು. ನೆಲ್ಲಿಮರದಲ್ಲಿ ಮುಸಿಯ ಕೋತಿಗೆ, ಅದು ಉದುರಿಸಿದ್ದು ಜಿಂಕೆಗೆ ಎಂದು ಮೇಲಿನ ಕಾಯಿ ಬಿಡುವುದು. ಹೊಸ ಸೊಸೆಗೆ ಮೊದಲು ತೋರಿಸುವುದು ಅಡಿಗೆಮನೆಯನ್ನಲ್ಲ, ಅಂಟುವಾಳದ ಮರ ಎಲ್ಲಿದೆ ಎಂದು. “ಗದ್ದೆ ಇಲ್ಲ ಅಂತ ನಮ್ಮುನ್ನ ಬಡವ್ರು ಅಂತಾರೆ. ಅದೆಷ್ಟು ಮರ ಅವೆ ನಮ್ಗೆ, ಎಣ್ಸಿದೋರು ಯಾರು?” ಅಂದರು. ಹತ್ತು ವರ್ಷ ಮೂಟೆ ಮೂಸಿದ್ದ ನಾನು ಆ ಬಸ್ಸಿನಲ್ಲಿ ಕಲಿತಷ್ಟನ್ನು ಗೋದಾಮಿನಲ್ಲಿ ಕಲಿತಿರಲಿಲ್ಲ.

ರಾತ್ರಿ ಅವರ ಮನೆಯಲ್ಲೇ ಉಳಿದೆ. ಬೆಳಗ್ಗೆ ಕೆಂಪಮ್ಮ ಬಟ್ಟಲಲ್ಲಿ ಮುಚ್ಚಿಟ್ಟಿದ್ದ ಹುಟ್ಟಿನ ತುಂಡೊಂದನ್ನು ಕೈಗೆ ಕೊಟ್ಟರು. ಬೆಂಕಿ ಕಾಣದ, ಸೋಸದ, ಮೇಣದ ಸಮೇತ ಇದ್ದ ಜೇನು. ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ, ಹಿಂದಿನಿಂದ ಅದೇ ಕಹಿ. ಹೊರಗೆ ನೇರಳೆ ಮರದ ಕೆಳಗೆ ನೆಲವೆಲ್ಲ ಉದುರಿದ ಹೂವಿನಿಂದ ಬಿಳುಪಾಗಿತ್ತು, ಮೇಲೆ ಹುಳಗಳ ಗುಂಯ್ ಸದ್ದು. ನನ್ನ ನಾಲಿಗೆಯ ಜಂಬ ಅಲ್ಲೇ ಇಳಿಯಿತು. ನಾಚಿಕೆಯಾಯಿತು, ಆದರೆ ಆ ರುಚಿಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾದಣ್ಣ ತಮ್ಮ ಮನೆಯ ಮುಂದೆ ಕೂತು ಬಿದಿರು ಸೀಳುತ್ತಿದ್ದರು. ಅಗಲ ಎದೆ, ದಪ್ಪ ಮೀಸೆ. ನಾನು ಹೊಸ ಚೀಟಿ ಚಾಚಿದೆ. ಅವರು ಕೈ ಚಾಚಲಿಲ್ಲ.

“ನಂಗೆ ಓದಾಕ್ ಬರಾಕಿಲ್ಲ. ಆ ಚೀಟೀನೂ ಓದಿರ್ನಿಲ್ಲ. ಯಾರೋ ಓದಿ ಯೋಳಿದ್ರು, ನಂಬ್ಬುಟ್ಟೆ. ಈಗ ಇದ್ನೂ ಅಂಗೇ ನಂಬ್ಲಾ?”

“ತಪ್ಪು ನಂದು ಮಾದಣ್ಣ. ಅವಸರ ಮಾಡಿದೆ. ನಿಮ್ಮ ಭಾವನ ಜೇನು ಶುದ್ಧ” ಎಂದು ಅಲ್ಲಿ ಸೇರಿದ್ದ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ಅಷ್ಟು ಗಟ್ಟಿಯಾ ನಿಮ್ಗೆ?”

“ಗಟ್ಟಿ.”

“ಅಂಗಾದ್ರೆ ನೀವೇ ಹಿಡೀರಿ ಹಗ್ಗ” ಅಂದರು, ಮತ್ತೆ ಬಿದಿರಿನ ಕಡೆ ಬಗ್ಗಿದರು. ಇಷ್ಟು ಹೇಳಿದರೆ ಪಟ್ಟಣದ ಮೇಡಂ ಜಾಗ ಖಾಲಿ ಮಾಡುತ್ತಾಳೆ ಎಂದುಕೊಂಡಿರಬೇಕು. ಕುರ್ಚಿಯ ಮೇಲೆ ಕೂತು ಬಟ್ಟಲು ನೋಡುವ ಕೈ ನನ್ನದು, ಹಗ್ಗ ಹಿಡಿದದ್ದೆಂದರೆ ಚಿಕ್ಕಂದಿನಲ್ಲಿ ಬಾವಿಯ ಹತ್ತಿರ. ಆದರೂ “ಹಿಡೀತೀನಿ, ನಡೀರಿ” ಎಂದುಬಿಟ್ಟೆ. ಬೊಮ್ಮಣ್ಣ ಬೇಡ ಅನ್ನುತ್ತಾರೆ ಎಂದು ಒಳಗೊಳಗೇ ಕಾದೆ. ಅವರು ಅನ್ನಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮರದ ಹತ್ತಿರ ಹೋದೆವು. ಅವರು ಬೆಳಕಿರುವಾಗಲೇ ಹೊಗೆ ಹಾಕಿ ಕೀಳುವವರು. ನೆತ್ತಿ ನೋಡಿದರೆ ಕತ್ತು ನೋಯುವಷ್ಟು ಎತ್ತರದ ಮರ, ಕೊಂಬೆಯ ತುದಿಯಲ್ಲಿ ಕರಿ ಮೊರದ ಹಾಗೆ ತೂಗುವ ಹೆಜ್ಜೇನು. ಬೊಮ್ಮಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ಹಗ್ಗ ಮೇಲಿನ ಕವಲೊಂದನ್ನು ದಾಟಿ ಕೆಳಗೆ ಬಂದು, ಪಕ್ಕದ ಮರದ ಬುಡಕ್ಕೆ ಎರಡು ಸುತ್ತು ಸುತ್ತಿ, ನನ್ನ ಕೈಗೆ ಬಂತು. ಬುಡದ ಸುತ್ತು ಭಾರ ತಡೆಯುತ್ತದೆ, ಹಿಡಿದವರು ಅಷ್ಟಷ್ಟೇ ಬಿಡಬೇಕು, ಜಾರಲು ಬಿಡಬಾರದು ಎಂದು ಕೆಂಪಮ್ಮ ಹೇಳಿಕೊಟ್ಟರು. ತಮ್ಮ ಕಂಬಳಿಯನ್ನು ನನ್ನ ತಲೆಗೆ ಮುಸುಕು ಹಾಕಿ, “ಇನ್ನೊಂದು ಅವ್ವ. ಕೊಂಬೆಗೆ ಓಗಾಗ ಒಂದ್ಸಲ, ನೇತಾಕ್ಕೊಳಾಗ ಒಂದ್ಸಲ, ಕೊಯ್ಯಾಗ ಒಂದ್ಸಲ, ಹಗ್ಗ ಯಾರ್ದು ಅಂತ ಕೂಗ್ತಾರೆ. ಹಿಡಿದೋರು ನಂದು ಅನ್ಬೇಕು. ದನಿ ಕೇಳ್ದೆ ಅವ್ರು ಮುಂದಕ್ಕೆ ಓಗಾಕಿಲ್ಲ” ಅಂದರು. ಮಾದಣ್ಣ ಸ್ವಲ್ಪ ದೂರದಲ್ಲಿ ಕೈ ಕಟ್ಟಿ ನಿಂತಿದ್ದರು.

ಹಸಿಸೊಪ್ಪಿನ ಹೊಗೆ ಮೇಲೆದ್ದಿತು. ಬೊಮ್ಮಣ್ಣ ಅಳಿಲಿನ ಹಾಗೆ ಹತ್ತಿ ಹೋದರು. ಕೊಂಬೆಯ ಬುಡದಲ್ಲಿ ನಿಂತು ಕೂಗಿದರು: “ಹಗ್ಗ ಯಾರ್ದು?”

ಮಾದಣ್ಣನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಕಾಡೆಲ್ಲ ನನ್ನ ಉತ್ತರಕ್ಕೇ ಕಾದಂತಿತ್ತು. “ನಂದು!” ಎಂದು ಕೂಗಿದೆ. ಕಂಬಳಿಯೊಳಗಿಂದ ಬಂದ ಆ ದನಿ ಕೇಳಿ ಬೊಮ್ಮಣ್ಣ ಮೇಲಿಂದ ಬಗ್ಗಿ ನೋಡಿದರು. ಆಮೇಲೆ “ಎರಡೂ ಕೈಲಿ ಹಿಡ್ಕೊಳಿ ಅಮ್ಮಾವ್ರೆ” ಅಂದರು, ಕೊಂಬೆಯ ಮೇಲೆ ಕಾಲಿಟ್ಟರು. ತನ್ನ ಹೆಸರು ಕೆಡಿಸಿದವಳ ಕೈಗೆ ಆ ಮನುಷ್ಯ ಜೀವ ಕೊಟ್ಟು ನಡೆದರು. ನನಗೆ ಅಳು ಬಂತು, ಆದರೆ ಕಣ್ಣೊರೆಸಲು ಕೈ ಖಾಲಿ ಇರಲಿಲ್ಲ.

ತುದಿ ತಲುಪಿ ಮತ್ತೆ ಕೂಗಿದರು. ನಾನು ಮತ್ತೆ “ನಂದು!” ಅಂದೆ. ಅವರು ಕೊಂಬೆ ಬಿಟ್ಟು ನೇತಾಡಿದರು. ಭಾರ ಬಂದದ್ದೇ ತಡ, ಹಗ್ಗ ಬುಡದ ಸುತ್ತಿನಲ್ಲಿ ಸರ್ರನೆ ಸರಿಯಿತು. ಅಂಗೈ ಕಾದ ಬಾಣಲೆ ಹಿಡಿದ ಹಾಗೆ ಉರಿಯಿತು. ನಾನು ಕಿರುಚಿದೆ, ಕುಕ್ಕರಿಸಿದೆ, ಹಗ್ಗ ಮಾತ್ರ ಬಿಡಲಿಲ್ಲ. ಒಂದು ಮೊಳ ಹೋಗಿರಬಹುದು. ಅಷ್ಟರಲ್ಲಿ ನನ್ನ ಕೈಗಳ ಮುಂದೆ ಇನ್ನೆರಡು ಕೈ ಬಂದು ಹಗ್ಗದ ಮೇಲೆ ಕೂತವು. ಬಿದಿರಿನ ಗಾಯಗಳಿದ್ದ ದಪ್ಪ ಕೈಗಳು. ಹಗ್ಗ ನಿಂತಿತು.

ಮೇಲಿಂದ ಮೂರನೇ ಸಲ ಕೂಗು ಬಂತು, ಈ ಸಲ ಸ್ವಲ್ಪ ಅಂಜಿದ ದನಿ: “ಹಗ್ಗ ಯಾರ್ದು?”

ನಾನು ಬಾಯಿ ತೆರೆದೆ. ಮಾದಣ್ಣ ಬೇಡ ಎಂಬಂತೆ ತಲೆ ಅಲ್ಲಾಡಿಸಿ, ಕತ್ತೆತ್ತಿ ಇಡೀ ಕಾಡಿಗೆ ಕೇಳುವ ಹಾಗೆ ಕೂಗಿದರು.

“ನಂದು ಕಣ್ ಬಾವ! ಕೀಳು!”

ಕೆಂಪಮ್ಮ ಅಲ್ಲೇ ಕೂತುಬಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. ಮೇಲಿಂದ ಬೊಮ್ಮಣ್ಣನ ನಗು ಕೇಳಿಸಿತು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಬುಡಿ ಅಮ್ಮಾವ್ರೆ, ಇನ್ ನಾನಿದ್ದೀನಿ. ಕೈ ಸುಟ್ಟೋಗದೆ” ಅಂದರು ಮಾದಣ್ಣ.

ನಾನು ಬಿಡಲಿಲ್ಲ. ಅವರ ಹಿಂದೆ ಹಗ್ಗದ ಬಾಲ ಹಿಡಿದುಕೊಂಡು, ಬೊಮ್ಮಣ್ಣನ ಎರಡೂ ಕಾಲು ನೆಲ ಮುಟ್ಟುವವರೆಗೂ ಹಾಗೇ ನಿಂತಿದ್ದೆ.